ಸಾಕ್ಷಿಗಾಜು

ಗಾಜು ಒಡೆದಿತ್ತು.

ಚೂಟಿ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಮತ್ತೊಮ್ಮೆ ನೋಡಿದಳು. ಹೌದು. ಬುರುಜಿನ ಒಳಗೋಡೆಯ ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದ ಬೆರಳುದ್ದದ ಗಾಜಿನ ಪಟ್ಟಿ ನಟ್ಟನಡುವೆ ಸೀಳಿತ್ತು.

ಕೆಳಗೆ ನೋಡಿದಳು. ಸ್ಟೂಲಿನ ಕಾಲ ಹತ್ತಿರ ಒಂದು ಹಳದಿ ರಬ್ಬರ್ ಬಾಲ್ ಬಿದ್ದಿತ್ತು.

"ಪುಡಿ!" ಎಂದಳು ಹಲ್ಲು ಕಚ್ಚಿ.

ಪುಡಿ ಅವಳ ತಮ್ಮ. ಎಂಟು ವರ್ಷ. ಮುಟ್ಟಿದ್ದೆಲ್ಲ ಪುಡಿಯಾಗುತ್ತದೆ ಎಂದು ಆ ಹೆಸರು. ಲೋಟ, ಅಮ್ಮನ ಕನ್ನಡಕ, ಅಪ್ಪನ ಫೋನು, ಪಕ್ಕದ ಮನೆಯವರ ಹೂಕುಂಡ. ಮನೆಯಲ್ಲಿ ಎಲ್ಲಿ ಠಣ್ ಎಂದರೂ ನಾಲ್ಕು ಬಾಯಿ ಒಟ್ಟಿಗೆ "ಪುಡೀ!" ಎನ್ನುತ್ತಿದ್ದವು. ಒಮ್ಮೆ ಬೆಕ್ಕು ಹಾಲಿನ ಪಾತ್ರೆ ಉರುಳಿಸಿದಾಗಲೂ ಹಾಗೇ ಕೂಗಿದ್ದರು. ಆಗ ಪುಡಿ ಸ್ಕೂಲಿನಲ್ಲಿದ್ದ.

ಈ ಬುರುಜು ಊರಾಚೆ ಹೊಲಗಳ ನಡುವಿನ ದಿಬ್ಬದ ಮೇಲಿತ್ತು. ಒಂದು ಕಾಲಕ್ಕೆ ಕಾವಲಿನವರು ಇದರ ಮೇಲೆ ನಿಂತು ದಾರಿ ನೋಡುತ್ತಿದ್ದರಂತೆ. ಈಗ ಅದನ್ನೇ ಕಾಯುವವರು ಬೇಕಾಗಿದ್ದರು. ಚೂಟಿಯ ತಾತ, ಟೈಲರ್ ಮಾವ, ಇನ್ನು ಮೂರು ನಾಲ್ಕು ಜನ ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿದ್ದರು. ಗೋಡೆಯಲ್ಲಿ ಬೇರು ಬಿಟ್ಟ ಗಿಡ ಕೀಳುವುದು, ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯುವುದು, ಹೀಗೆ. ಪ್ರತಿ ಶನಿವಾರ ಗಾಜು ನೋಡಿ ಬರುವುದು ಚೂಟಿಯ ಪಾಲಿನ ಕೆಲಸ.

ತಾತ ಗಾರೆ ಕೆಲಸದ ಮೇಸ್ತ್ರಿ. ಮಂಡಿನೋವು ಬಂದ ಮೇಲೆ ಕೆಲಸ ಬಿಟ್ಟಿದ್ದರು, ಗೋಡೆ ಮುಟ್ಟುವುದನ್ನು ಬಿಟ್ಟಿರಲಿಲ್ಲ.

"ಗೋಡೆ ಬಾಯಿಬಿಟ್ಟು ಹೇಳಲ್ಲ ಕಣಮ್ಮ," ಎಂದಿದ್ದರು ಗಾಜು ಅಂಟಿಸಿದ ದಿನ. "ಈ ಗಾಜು ಹಿಗ್ಗಲ್ಲ, ಬಗ್ಗಲ್ಲ. ಗೋಡೆ ಕೂದಲೆಳೆಯಷ್ಟು ಸರಿದ್ರೂ ಪಟ್ ಅಂತ ಒಡೆಯುತ್ತೆ. ಅದಕ್ಕೇ ಇದನ್ನ ಸಾಕ್ಷಿಗಾಜು ಅನ್ನೋದು."

ಸೋಮವಾರ ಟೌನಿನ ಆಫೀಸಿನಿಂದ ಇಂಜಿನಿಯರ್ ಮೇಡಂ ಬರುವವರಿದ್ದರು. ಅವರ ಹತ್ತಿರ ಕಬ್ಬಿಣದ ಆಸರೆ ಕಂಬಗಳು ಇದ್ದದ್ದು ಒಂದೇ ಲಾರಿ. ಗಾಜು ಒಡೆದಿದ್ದರೆ ಗೋಡೆ ಸರಿಯುತ್ತಿದೆ ಎಂದರ್ಥ, ಲಾರಿ ಬುರುಜಿಗೆ ಬರುತ್ತದೆ. ಇಲ್ಲದಿದ್ದರೆ ಹೊಳೆಯ ಹಳೇ ಸೇತುವೆಗೆ ಹೋಗುತ್ತದೆ.

ಆದರೆ ಇದು ಗೋಡೆ ಒಡೆದ ಗಾಜಲ್ಲ, ಬಾಲ್ ಒಡೆದ ಗಾಜು. ಚೂಟಿ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಲಾರಿ ಸುಳ್ಳಿಗೆ ಬರುತ್ತದೆ. ಹೇಳಿದರೆ ಪುಡಿಯ ಕತೆ ಮುಗಿಯಿತು. ಹೋದ ತಿಂಗಳು ಅವನು ಗೋಡೆ ಹತ್ತಿ ಒಂದು ಕಲ್ಲು ಉರುಳಿಸಿದ್ದ. "ಇನ್ನೊಂದ್ಸಲ ಏನಾದ್ರೂ ಆದ್ರೆ ಇವನು ಈ ಕಡೆ ತಲೆ ಹಾಕೋ ಹಾಗಿಲ್ಲ," ಎಂದಿದ್ದರು ಟೈಲರ್ ಮಾವ. ಬಿದ್ದರೂ ಅಳದ ಹುಡುಗ, ಅವತ್ತು ಅತ್ತಿದ್ದ. ತಾತನ ಗಾರೆ ಮೆತ್ತುವ ಕರಣೆ ಹಿಡಿದುಕೊಂಡು ಅವರ ಹಿಂದೆ ನಡೆಯುವುದೆಂದರೆ ಅವನಿಗೆ ಪ್ರಾಣ.

ಚೂಟಿ ಮನೆಗೆ ಓಡಿದಳು. ತಾತ ಮಲಗಿದ್ದರು. ಅವರ ತಗಡಿನ ಡಬ್ಬಿಯಿಂದ ಒಂದು ಹೊಸ ಗಾಜು, ಒಂದು ಮುಷ್ಟಿ ಬಿಳಿ ಪ್ಲಾಸ್ಟರ್, ಮಾರ್ಕರ್ ತೆಗೆದುಕೊಂಡು ವಾಪಸ್ ಬಂದಳು. ಹಳೆಯದನ್ನು ಕಿತ್ತಳು. ಪ್ಲಾಸ್ಟರ್ ಕಲಸಿ ಹೊಸದನ್ನು ಅಂಟಿಸಿದಳು. ಗಾಜಿನ ಮೇಲೆ ತಾತನ ಹಾಗೇ ಅಂಕಿಗಳಿಗೆ ಬಾಲ ಎಳೆದು, ಹಳೆಯದರ ಮೇಲಿದ್ದ ಎರಡು ತಿಂಗಳ ಹಿಂದಿನ ತಾರೀಕು ಬರೆದಳು.

ಕೆಲಸ ಬಹಳ ಚೆನ್ನಾಗಿತ್ತು. ತಾತನ ಮೊಮ್ಮಗಳಲ್ಲವೇ!

ಸೋಮವಾರ ಸ್ಕೂಲು ಬಿಟ್ಟ ಮೇಲೆ ಮೇಡಂ ಬಂದರು. ಬೂಟು ತುಂಬ ಮಣ್ಣು, ಕೈಯಲ್ಲಿ ಟಾರ್ಚು. ಬಿರುಕನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಗಾಜನ್ನು.

"ಹೊಸದರ ಹಾಗೆ ಇದೆಯಲ್ಲ!" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚೂಟಿ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡಳು.

"ನನ್ನ ಮೊಮ್ಮಗಳು ವಾರ ವಾರ ಒರೆಸ್ತಾಳೆ," ಎಂದರು ತಾತ, ಹೆಮ್ಮೆಯಿಂದ. ಆಮೇಲೆ ಗೋಡೆಗೆ ಅಂಗೈ ಒತ್ತಿದರು. "ಆದ್ರೂ ಮೇಡಂ, ಈ ಗೋಡೆ ಹೊಟ್ಟೆ ಮುಂದಕ್ಕೆ ಬಂದಿದೆ. ನನ್ನ ಕೈಗೆ ಗೊತ್ತಾಗುತ್ತೆ."

"ನಿಮ್ಮ ಕೈನ ರಿಪೋರ್ಟ್‌ನಲ್ಲಿ ಹೇಗೆ ಬರೀಲಿ ತಾತ? ಎರಡು ತಿಂಗಳಿಂದ ಗಾಜು ಒಡೆದಿಲ್ಲ. ಸೇತುವೆ ಹತ್ರ ಮೂರು ಗಾಜು ಹೋಗಿವೆ."

ತಾತ ಗೋಡೆಯಿಂದ ಕೈ ತೆಗೆದರು. ಗಾಜು ಅವರೇ ನಂಬಿದ್ದ ಸಾಕ್ಷಿ.

ತಾತ ಟೈಲರ್ ಮಾವನ ಸ್ಕೂಟರಿನಲ್ಲಿ ಮೊದಲೇ ಮನೆಗೆ ಹೋದರು. ನಡೆದು ಬರುವ ದಾರಿಯಲ್ಲಿ ಚೂಟಿ ತಮ್ಮನ ಜೇಬಿಗೆ ಹಳದಿ ಬಾಲ್ ತುರುಕಿದಳು.

"ನಿನ್ನ ತಲೆ ಉಳಿಸಿದ್ದೀನಿ. ಒಂದು ವಾರ ನನ್ನ ಪಾಲಿನ ಪಾತ್ರೆ ನೀನೇ ತೊಳೀಬೇಕು."

"ಯಾಕೆ?"

"ಯಾಕೆ ಅಂತೆ! ಗಾಜು ಒಡೆದು ಹಾಕಿ ಯಾಕೆ ಅಂತೆ! ನಾನೇ ಹೊಸದು ಅಂಟಿಸಿದ್ದು. ಯಾರಿಗೂ ಗೊತ್ತಿಲ್ಲ."

ಪುಡಿ ನಿಂತುಬಿಟ್ಟ.

"ನಾನು ಒಡೆದಿಲ್ಲ."

"ಬಾಲ್ ಅಲ್ಲೇ ಇತ್ತು ಕಣೋ!"

"ಹೊರಗಿನ ಗೋಡೆಗೆ ಹೊಡೀತಿದ್ದೆ. ಉರುಳ್ಕೊಂಡು ಒಳಗೆ ಹೋಯ್ತು. ತಗೊಳ್ಳೋಕೆ ಹೋದಾಗ ಗಾಜು ಆಗ್ಲೇ ಒಡೆದಿತ್ತು. ಹೆದರಿ ಬಾಲ್ ಬಿಟ್ಟು ಓಡಿ ಬಂದೆ."

"ಮತ್ತೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?" ಎಂದ ಪುಡಿ. "ನೀನು ನಂಬ್ತಿದ್ಯಾ?"

ಹಾಗಾದರೆ ಗಾಜು ಒಡೆದದ್ದು ಗೋಡೆಯೇ! ಚೂಟಿ ಮನೆಯ ತನಕ ಓಡಿದಳು. ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿ ತಾತನ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ತಾತ ಬಯ್ಯಲಿಲ್ಲ. ಕನ್ನಡಕ ಹುಡುಕಿ, ನಂಬರ್ ಹುಡುಕಿ, ಫೋನ್ ಮಾಡಿದರು. ಮೇಡಂ ಮಾತು ಫೋನಿನ ಹೊರಗೂ ಕೇಳಿಸುತ್ತಿತ್ತು.

"ಲಾರಿ ಸೇತುವೆ ದಾರಿ ಹಿಡೀತು ತಾತ. ರಿಪೋರ್ಟೂ ಫೋನಿನಲ್ಲೇ ಕಳಿಸಿ ಆಯ್ತು. ಈಗ ಗಾಜು ಬದಲಾಯಿಸಿದ್ವಿ ಅಂತೀರಿ. ಲಾರಿ ಬರಲಿಲ್ಲ ಅಂತ ಈ ಮಾತು ಕಟ್ಟಿದ್ದೀರಿ ಅಂತಾರೆ ಆಫೀಸಿನಲ್ಲಿ. ನಿಮ್ಮ ಗಾಜನ್ನ ಇನ್ನು ಯಾರು ನಂಬ್ತಾರೆ?"

"ಗಾಜು ನಂಬಬೇಡಿ. ನೀವೇ ಇನ್ನೊಂದ್ಸಲ ಬಂದು ನೋಡಿ."

"ಮುಂದಿನ ತಿಂಗಳು ನೋಡ್ತೀನಿ."

ನಲವತ್ತು ವರ್ಷ ಗೋಡೆ ಕಟ್ಟಿದ ತಾತ ಯಾರ ಹತ್ತಿರವೂ ಸುಳ್ಳುಗಾರ ಅನ್ನಿಸಿಕೊಂಡವರಲ್ಲ. ಫೋನ್ ಇಟ್ಟು ಅದನ್ನೇ ನೋಡುತ್ತ ಕೂತರು. ಇದಕ್ಕಿಂತ ಬೈದಿದ್ದರೆ ವಾಸಿಯಿತ್ತು ಎಂದು ಚೂಟಿಗೆ ಅನ್ನಿಸಿತು.

ಆ ವಾರವೆಲ್ಲ ತಾತ, ಟೈಲರ್ ಮಾವ ಸಿಕ್ಕಿದ ಮರದ ದಿಮ್ಮಿಗಳನ್ನೆಲ್ಲ ಗೋಡೆಗೆ ಆಸರೆ ಕೊಟ್ಟು ನಿಲ್ಲಿಸಿದರು. ಮಕ್ಕಳು ಹತ್ತಿರ ಬರಕೂಡದೆಂದು ಹಗ್ಗ ಕಟ್ಟಿದರು. ಆಮೇಲೆ ಮೂರು ದಿನ ಬಿಡದೆ ಮಳೆ ಬಂತು.

ನಾಲ್ಕನೇ ದಿನ, ಗಣಿತದ ಕ್ಲಾಸಿನಲ್ಲಿ ಮಿಸ್ ಭಾಗಾಕಾರ ಮಾಡಿಸುತ್ತಿದ್ದಾಗ ಆ ಸದ್ದು ಕೇಳಿಸಿತು. ಲಾರಿಯಿಂದ ಕಲ್ಲು ಸುರಿದ ಹಾಗೆ, ಆದರೆ ನಿಧಾನವಾಗಿ, ಬಹಳ ಹೊತ್ತು.

"ಗುಡುಗು," ಎಂದರು ಮಿಸ್.

ಚೂಟಿ ಪೆನ್ಸಿಲ್ ಕೆಳಗಿಟ್ಟಳು. ಕಿಟಕಿಯಾಚೆ ಬಿಸಿಲಿತ್ತು.

ಬುರುಜಿನ ಅರ್ಧ ಮಾತ್ರ ಉಳಿದಿತ್ತು. ಬಿರುಕಿದ್ದ ಗೋಡೆ, ಅದರ ಪಕ್ಕದ ಕಮಾನು, ಮೇಲೆ ಹತ್ತುವ ಮೆಟ್ಟಿಲು ಎಲ್ಲ ಒಂದೇ ಗುಡ್ಡೆಯಾಗಿ ಬಿದ್ದಿದ್ದವು. ಯಾರಿಗೂ ಪೆಟ್ಟಾಗಿರಲಿಲ್ಲ. "ಅಷ್ಟೇ ಪುಣ್ಯ," ಎಂದರು ಟೈಲರ್ ಮಾವ. ತಾತ ಗುಡ್ಡೆಯಂಚಿನ ಒಂದು ಕಲ್ಲಿಗೆ ಅಂಗೈ ಇಟ್ಟರು.

ಭಾನುವಾರ ಎಲ್ಲರೂ ದಿಬ್ಬದ ಮೇಲೆ ಸೇರಿದರು. ಬಿದ್ದ ಕಲ್ಲುಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬರೆಯಬೇಕಿತ್ತು.

"ಮತ್ತೆ ಕಟ್ತಾರಾ ತಾತ?" ಚೂಟಿ ಕೇಳಿದಳು.

"ನನ್ನ ಕಾಲಕ್ಕೆ ಇಲ್ಲ," ಎಂದರು ತಾತ. "ಬರಿ, ನೂರಾ ಹದಿನೇಳು."

ಅವಳು ಬರೆದಳು. ಪುಡಿ ಮೂರು ಸಾಲು ಆಚೆ ಒಬ್ಬನೇ ಕೆಲಸ ಮಾಡುತ್ತಿದ್ದ. ಎರಡು ವಾರದಿಂದ ಅವನು ಅವಳ ಜೊತೆ ಮಾತು ಬಿಟ್ಟಿದ್ದ.

ಹಿಂದೆ ಏನೋ ಚಟಪಟ ಎಂದಿತು. ಸೀಮೆಸುಣ್ಣದ ಡಬ್ಬಿ ಮಗುಚಿ ಬಿದ್ದಿತ್ತು. ತುಂಡುಗಳು ಕಲ್ಲಿನ ಸಂದಿಯಲ್ಲೆಲ್ಲ ಚೆಲ್ಲಿದ್ದವು. ಪಕ್ಕದಲ್ಲಿ ಪುಡಿ ನಿಂತಿದ್ದ.

"ಪುಡೀ!" ಎಂದರು ಟೈಲರ್ ಮಾವ, ತಲೆ ಎತ್ತುವ ಮೊದಲೇ.

ಚೂಟಿಯ ಬಾಯಿಯೂ ಅಷ್ಟು ಹೊತ್ತಿಗೆ ತೆರೆದಿತ್ತು. ಅದೇ ಕೂಗು ನಾಲಿಗೆಯ ತುದಿಗೆ ಬಂದಿತ್ತು. ಅವಳು ಬಾಯಿ ಮುಚ್ಚಿದಳು. ಎದ್ದು ಅವನ ಹತ್ತಿರ ಹೋದಳು.

"ಏನಾಯ್ತೋ?" ಎಂದು ಕೇಳಿದಳು.

ಪುಡಿ ಅವಳ ಮುಖ ನೋಡಿದ. ಅಕ್ಕ ಅಣಕಿಸುತ್ತಿದ್ದಾಳೋ ಏನೋ ಎಂದು ನೋಡುವ ಹಾಗೆ. ಆಮೇಲೆ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತು ತುಂಡುಗಳನ್ನು ಆರಿಸತೊಡಗಿದ.

ಚೂಟಿಯೂ ಕೂತಳು. ತುಂಡುಗಳಿಗೆ ಕೈ ಹಾಕಲಿಲ್ಲ. ಇನ್ನೊಮ್ಮೆ ಕೇಳಲೂ ಇಲ್ಲ. ಅವನು ಹೇಳಿದಾಗ ಹೇಳಲಿ ಎಂದು ಕಾದಳು.