ಎಣಿಕೆಯ ಮರುದಿನ

ಕೆಜಾಯಾ ಗೆಳತಿ ನೈಲಾಳ ಮನೆಯ ಬಾಗಿಲನ್ನು ಮೂರನೆಯ ಸಲ ತಟ್ಟಿದಳು. ಒಳಗೆ ಟಿವಿಯ ಸದ್ದಿತ್ತು, ಯಾರೂ ಬರಲಿಲ್ಲ. ಫೋನಿನಲ್ಲಿ ಏಳೂ ಇಪ್ಪತ್ತು. ಎಂಟಕ್ಕೆ ಹಾಜರಿ. ನಿಂತಲ್ಲಿ ನಿಲ್ಲಲಾರದೆ ಅವಳು ಮೆಟ್ಟಿಲು ಇಳಿದಳು, ಮತ್ತೆ ಹತ್ತಿದಳು.

ಅಂದು ಡೆಟ್ರಾಯಿಟಿನ ಶಾಲೆಗಳಲ್ಲೆಲ್ಲ ಎಣಿಕೆಯ ದಿನ. ಅಕ್ಟೋಬರಿನ ಆ ಬುಧವಾರ ತರಗತಿಯಲ್ಲಿ ಎಷ್ಟು ಮಕ್ಕಳು ಕುಳಿತಿರುತ್ತಾರೋ ಅಷ್ಟಕ್ಕೇ ಸರ್ಕಾರದ ಹಣ. ಕೆಜಾಯಾ ಓದುತ್ತಿದ್ದುದು ಸರ್ಕಾರದ ಹಣದಲ್ಲಿ ಖಾಸಗಿಯವರು ನಡೆಸುವ, ಫೀಸಿಲ್ಲದ ಒಂದು ಪುಟ್ಟ ಚಾರ್ಟರ್ ಹೈಸ್ಕೂಲಿನಲ್ಲಿ. ಪಟ್ಟಿಯಲ್ಲಿ ಇನ್ನೂರ ಐದು ಹೆಸರುಗಳಿದ್ದವು. ಸೋಮವಾರ ಬಂದವರು ನೂರ ತೊಂಬತ್ತಾರು ಮಂದಿ. ಇನ್ನೂರಕ್ಕೆ ಒಬ್ಬರು ಕಡಿಮೆಯಾದರೂ ಬ್ಯಾಂಡ್ ತರಗತಿ ಮುಚ್ಚುತ್ತದೆ ಎಂದು ಅದನ್ನು ಕಲಿಸುವ ಟಾಲಿವರ್ ಮೇಷ್ಟರು ಹೇಳಿದ್ದರು. ಹೇಳಿ, ಕೆಮ್ಮು ಬಂದವರ ಹಾಗೆ ಆಚೆ ತಿರುಗಿದ್ದರು.

ಕೆಜಾಯಾ ಅಲ್ಲಿ ಟ್ರಾಂಬೋನ್ ನುಡಿಸುತ್ತಿದ್ದಳು. ಹಿತ್ತಾಳೆಯ ಆ ಊದುವಾದ್ಯ ಶಾಲೆಯದು. ತರಗತಿ ಹೋದರೆ ಅದೂ ಹೋಗುತ್ತದೆ.

ಡ್ರಮ್ ಬಾರಿಸುವ ಮುತಹರ್ ಯೆಮೆನ್ ದೇಶದವರ ಮಗ. ಶಾಲೆಗೆ ಸೇರುವ ಫಾರ್ಮಿನಲ್ಲಿ, ಜನಾಂಗ ಕೇಳುವ ಕಡೆ, ಅರಬರಿಗೆ ಬೇರೆ ಚೌಕವಿಲ್ಲದೆ ಅವನ ಅಪ್ಪ 'ಬಿಳಿಯ' ಎಂಬಲ್ಲಿ ಗುರುತು ಹಾಕಿದ್ದರು. "ನನ್ನನ್ನ ಎರಡು ಸಲ ಎಣಿಸ್ಲಿ," ಎಂದಿದ್ದ ಅವನು. "ಬಿಳಿಯ ಅಂತ ಒಂದ್ಸಲ, ನನ್ನ ಮುಖ ನೋಡಿ ಇನ್ನೊಂದ್ಸಲ." ಮೇಷ್ಟರೂ ನಕ್ಕಿದ್ದರು. ಆಮೇಲೆ, ಬಾರದವರನ್ನು ಯಾರು ಕರೆತರುತ್ತೀರಿ ಎಂದು ಕೇಳಿದ್ದರು. ನೈಲಾಳ ಹೆಸರು ಬಂದಾಗ ಕೆಜಾಯಾ ಕೈ ಎತ್ತಿದ್ದಳು.

ಕೊನೆಗೂ ಬಾಗಿಲು ತೆರೆಯಿತು. ನೈಲಾಳ ತಲೆ ಬಾಚಿರಲಿಲ್ಲ. ಅವಳ ಅಮ್ಮ ಆಸ್ಪತ್ರೆಯ ರಾತ್ರಿ ಪಾಳಿಯಿಂದ ಇನ್ನೂ ಬಂದಿರಲಿಲ್ಲ.

"ಇವತ್ತು ಎಣಿಕೆ ಅಲ್ವಾ," ಎಂದಳು ನೈಲಾ.

ಕೆಜಾಯಾ ಹೌದೆಂದು ತಲೆಯಾಡಿಸಿದಳು.

"ಅದೇ ಅನ್ಕೊಂಡೆ. ಅಜ್ಜೀನ ಮಣ್ಣು ಮಾಡಿ ಮೂರು ವಾರ ಆಯ್ತು ಕಣೇ. ಎರಡು ಬೀದಿ ಆಚೆಗೆ ನಿಮ್ಮನೆ. ಒಂದಿನ ಬಂದ್ಯಾ?"

ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಕೆಜಾಯಾ ಎಲ್ಲರೊಡನೆ ನಿಂತು ಹಾಡಿದ್ದಳು, ಊಟ ಮಾಡಿದ್ದಳು, ಮನೆಗೆ ಹೋಗಿದ್ದಳು. ಆಮೇಲೆ ಕಳಿಸಿದ್ದು ಒಂದೇ ಒಂದು ಮೆಸೇಜು.

"ಏನು ಮಾತಾಡ್ಬೇಕೋ ಗೊತ್ತಾಗ್ಲಿಲ್ಲ," ಎಂದಳು.

"ನಂಗೂ ಗೊತ್ತಿರ್ಲಿಲ್ಲ."

ನೈಲಾ ಒಳಗೆ ಹೋಗಿ ಶೂ ಹಾಕಿಕೊಂಡು ಬಂದಳು. ಇಬ್ಬರೂ ಶಾಲೆಯ ದಾರಿ ಹಿಡಿದರು.

ಶಾಲೆಯಲ್ಲಿ ಎಲ್ಲರಿಗೂ ಬಿಸಿ ಪ್ಯಾನ್‌ಕೇಕ್ ಕೊಟ್ಟರು. ಓಗೊಟ್ಟ ಹೆಸರಿಗೆಲ್ಲ ಗುರುತು ಬಿತ್ತು. ಆಫೀಸಿನವರು ಬೋರ್ಡಿನ ಮೇಲೆ ೨೦೨ ಎಂದು ಬರೆದಾಗ ಮುತಹರ್ ಮೇಜನ್ನೇ ಡ್ರಮ್ ಮಾಡಿಕೊಂಡ. ಟಾಲಿವರ್ ಮೇಷ್ಟರು ಕನ್ನಡಕ ತೆಗೆದು ಒರೆಸಿದರು. ಕೆಜಾಯಾ ಚಪ್ಪಾಳೆ ತಟ್ಟುತ್ತಲೇ ಲೆಕ್ಕ ಹಾಕಿದಳು. ನೈಲಾ ಬಾರದಿದ್ದರೂ ಸಾಕಾಗುತ್ತಿತ್ತು.

ನೈಲಾಳ ತಟ್ಟೆಯಲ್ಲಿ ಪ್ಯಾನ್‌ಕೇಕ್ ಹಾಗೆಯೇ ಇತ್ತು.

ಮಧ್ಯಾಹ್ನ ಅವಳ ಕುರ್ಚಿ ಖಾಲಿಯಾಗಿತ್ತು. ಎಲ್ಲಿ ಹೋದಳೆಂದು ಯಾರೂ ಕೇಳಲಿಲ್ಲ. ಬೋರ್ಡಿನ ಮೇಲಿನ ಅಂಕಿ ಹಾಗೆಯೇ ಇತ್ತು.

ಸಂಜೆ ಊಟದ ಪ್ರಾರ್ಥನೆ ಮುಗಿದ ಮೇಲೆ ಕೆಜಾಯಾಳ ಅಜ್ಜಿ ನೈಲಾಳ ಸುದ್ದಿ ಕೇಳಿದರು.

"ಬಂದಿದ್ಲು," ಎಂದಳು ಕೆಜಾಯಾ.

"ಬಂದಿದ್ಲಾ ಅಂತ ಕೇಳ್ಲಿಲ್ಲ ಮಗಳೇ. ಹೇಗಿದಾಳೆ ಅಂದೆ."

ಕೆಜಾಯಾ ತನ್ನ ತಟ್ಟೆ ಎತ್ತಿಕೊಂಡು ಎದ್ದಳು.

ಗುರುವಾರ ಬೆಳಿಗ್ಗೆ ಒಂದೇ ಸಲ ತಟ್ಟಿದ್ದಕ್ಕೆ ನೈಲಾ ಬಾಗಿಲು ತೆರೆದಳು.

"ಏನೇ, ಲೆಕ್ಕ ತಪ್ಪಿತಾ?"

"ಇಲ್ಲ."

"ಮತ್ತೆ?"

"ಸುಮ್ನೆ ಬಂದೆ."

ನೈಲಾ ಬಾಗಿಲು ಹಾಕದೆ ಒಳಗೆ ಹೋದಳು. ಕೆಜಾಯಾ ಹಿಂದೆಯೇ ಹೋದಳು. ಅಡುಗೆಮನೆಯ ಮೇಜಿನ ಮೇಲೆ ನೈಲಾಳ ಅಜ್ಜಿಯ ಮಾತ್ರೆಯ ಡಬ್ಬಿ, ಭಾನುವಾರ ಚರ್ಚಿಗೆ ಹಾಕುತ್ತಿದ್ದ ನೇರಳೆ ಟೋಪಿ ಇಟ್ಟಲ್ಲೇ ಇದ್ದವು. ಕೆಜಾಯಾ ಹತ್ತಿರದ ಕುರ್ಚಿ ಎಳೆದಳು.

"ಅದರಲ್ಲಿ ಬೇಡ," ಎಂದಳು ನೈಲಾ. "ಅದು ಅಜ್ಜೀದು."

ಕೆಜಾಯಾ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಶಾಲೆಯ ಗಂಟೆಗೆ ಹತ್ತೇ ನಿಮಿಷ ಉಳಿದಿತ್ತು. ಅವಳು ಏಳಲಿಲ್ಲ.

"ಅಜ್ಜಿ ಬೆಳಿಗ್ಗೆ ಇಲ್ಲಿ ಕೂತು ಏನು ಮಾಡ್ತಿದ್ರು?" ಎಂದು ಕೇಳಿದಳು.

ನೈಲಾ ಟಿವಿ ಆರಿಸಿ ಬಂದು ಹೇಳತೊಡಗಿದಳು.