ಲೇತಿನ ನೀರು, ಗಾಯದ ಹಸಿರು

"ನಮ್ಮ ಅಮ್ಮಿ ಸ್ಯಾಂಪಲ್ ವಾಪಸ್ ಕಳಿಸಿದ್ದು ಯಾರು? ಯಾರು ಅಂತ ಕೇಳ್ತಿದ್ದೀನಿ!"

ಲ್ಯಾಬಿನ ಕಿಟಕಿಯ ಗಾಜು ಅದುರಿತು. ಒಳಗಿದ್ದ ಲ್ಯಾಬ್ ಟೆಕ್ನಿಷಿಯನ್ ಅನೀಸಾ ತಲೆಯೆತ್ತಿದಳು.

ಎಣ್ಣೆಯಿಂದ ಕಪ್ಪಾದ ಅಂಗಿ, ಕೆದರಿದ ಕೂದಲು, ನಿದ್ದೆಯಿಲ್ಲದೆ ಕೆಂಪಾದ ಕಣ್ಣು... ಆಚೆ ನಿಂತಿದ್ದವನಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

"ನಾನೇ ಕಳಿಸಿದ್ದು," ಎಂದಳು. "ಮೇಲಿನ ಕೀವು ಒರೆಸಿ ಕೊಟ್ಟಿದ್ದಾರೆ. ಅದರಲ್ಲಿ ಬೇಡದ ಬ್ಯಾಕ್ಟೀರಿಯಾ ಎಲ್ಲ ಬೆಳೆಯುತ್ತೆ. ಗಾಯ ತೊಳೆದು ಒಳಗಿಂದ ತೆಗೆದುಕೊಡ್ಲಿ."

"ಕೊಟ್ರೆ ಇವತ್ತೇ ಹೇಳ್ತೀರಾ?"

"ಇಲ್ಲ. ಬೆಳೆಯೋವರೆಗೂ ಕಾಯ್ಬೇಕು."

"ಕಾಯ್ಬೇಕಾ! ಕಾಲೇ ತೆಗೀಬೇಕಾಗ್ಬಹುದು ಅಂತಿದ್ದಾರೆ ಡಾಕ್ಟ್ರು. ನೀವು ಇಲ್ಲಿ ಫ್ಯಾನ್ ಕೆಳಗೆ ತಣ್ಣಗೆ ಕೂತ್ಕೊಂಡು..."

"ಗೊತ್ತಿಲ್ಲದೆ ಔಷಧಿ ಕೊಟ್ರೆ ಆ ಕಾಲು ಉಳಿಯುತ್ತಾ? ನೀವೇ ಹೇಳಿ!"

ಅವನು ತಿರುಗಿ ಹೊರಟೇಹೋದ.

ಅನೀಸಾ ಅವನು ಹೋದ ದಾರಿಯನ್ನೇ ನೋಡಿದಳು. ಅಷ್ಟು ಒರಟಾಗಿ ಹೇಳಬೇಕಿತ್ತೇ? ತಾಯಿಗಾಗಿ ಕಂಗೆಟ್ಟವನು...

ಅವನ ಹೆಸರು ಮೊಹ್ಸಿನ್. ಭದ್ರಾವತಿಯ ಓಲ್ಡ್ ಟೌನಿನವನು. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದ. ತಾಯಿ ಗುಲ್ಷನ್‌ಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣು ಬಲಿತು, ಶಿವಮೊಗ್ಗದ ಈ ಆಸ್ಪತ್ರೆಗೆ ಕರೆತಂದಿದ್ದ.

ಹೊಸ ಸ್ಯಾಂಪಲ್ ಅಂದೇ ಬಂತು. ಮರುದಿನ ಅನೀಸಾ ಬ್ಯಾಕ್ಟೀರಿಯಾ ಬೆಳೆಸಲು ಇಟ್ಟಿದ್ದ ಪ್ಲೇಟಿನ ಮುಚ್ಚಳ ತೆಗೆದಾಗ ಕೊಳೆತ ದ್ರಾಕ್ಷಿಯಂಥ ಸಿಹಿ ವಾಸನೆ ತಾನಾಗಿ ಮೂಗಿಗೆ ಬಂತು. ಪ್ಲೇಟಿನ ತುಂಬ ಹಸಿರು ಹರಡಿತ್ತು. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ಸ್ಯೂಡೋಮೊನಾಸ್!

ನೀರು ನಿಂತಲ್ಲಿ, ತೇವವಿದ್ದಲ್ಲಿ ಬದುಕುವ ಸಮಯಸಾಧಕ ಬ್ಯಾಕ್ಟೀರಿಯಾ ಅದು. ಗಟ್ಟಿಮುಟ್ಟಾದವರ ತಂಟೆಗೆ ಸಾಮಾನ್ಯವಾಗಿ ಹೋಗದು. ಮೈ ಸೋತವರ ಗಾಯ ಸಿಕ್ಕರೆ ಮಾತ್ರ ಬಿಡದು. ಯಾವ ಔಷಧಿಗೆ ಅದು ಬಗ್ಗುತ್ತದೆ ಎಂಬುದೂ ಗೊತ್ತಾಯಿತು. ಚಿಕಿತ್ಸೆ ಬದಲಾಯಿತು.

ಆದರೆ ಲ್ಯಾಬಿನ ಹಿರಿಯ ಡಾಕ್ಟರ್ ವಾದಿರಾಜರಿಗೆ ಸಮಾಧಾನವಾಗಲಿಲ್ಲ. "ಬಂದ ದಿನದ ಗಾಯದಲ್ಲೇ ಇದೆ. ಅಂದ್ರೆ ನಮ್ಮ ವಾರ್ಡಿಂದ ಅಂಟಿದ್ದಲ್ಲ, ಅನೀಸಾ. ಎಲ್ಲಿಂದ ಬಂತು ಅಂತ ಗೊತ್ತಾಗ್ದಿದ್ರೆ ಮನೆಗೆ ಹೋದ್ಮೇಲೆ ಮತ್ತೆ ಬರುತ್ತೆ. ಎರಡನೇ ಸಲ ಆ ಕಾಲು ಉಳಿಯಲ್ಲ."

ಆ ಮಾತು ಅವಳನ್ನು ಕೂರಲು ಬಿಡಲಿಲ್ಲ. ವಾರ್ಡಿಗೆ ಹೋದಳು.

"ನನ್ನ ಮಗನ್ನ ಬೈದೋಳು ನೀನೇನಾ?" ಗುಲ್ಷನ್ ಕಣ್ಣರಳಿಸಿದರು. "ಒಳ್ಳೇ ಕೆಲ್ಸ ಮಾಡ್ದೆ ಬೇಟಿ. ಮನೇಲಿ ಬೈಯೋರಿಲ್ದೆ ಕೆಟ್ಟು ಹೋಗಿದ್ದಾನೆ."

"ಅಮ್ಮೀ!" ಮೊಹ್ಸಿನ್ ಮುಖ ಕೆಂಪಾಯಿತು.

ಅನೀಸಾ ನಗು ನುಂಗಿದಳು. "ಖಾಲಾ, ಮನೇಲಿ ಗಾಯ ಯಾರು ಕಟ್ತಿದ್ರು?"

"ಇವನೇ. ಕೆಲ್ಸದಿಂದ ಬಂದವನು ಮೊದ್ಲು ನನ್ನ ಕಾಲು ಹಿಡೀತಾನೆ. ಆಮೇಲೇ ಅವನಿಗೆ ಅನ್ನ, ನೀರು ಎಲ್ಲ."

ಅನೀಸಾಳ ಕಣ್ಣು ಅವನ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಮೇಲೆ ಬಿತ್ತು. ಅದು ಇನ್ನೂ ಒದ್ದೆಯಾಗಿತ್ತು.

"ಅದೇನು?"

"ಕೂಲೆಂಟ್ ಮೇಡಂ. ಕಬ್ಬಿಣ ಕೊರೆಯೋವಾಗ ಬಿಸಿ ಆಗ್ಬಾರ್ದು ಅಂತ ಬಿಡ್ತೀವಿ. ಎಣ್ಣೆ ಬೆರೆಸಿದ ನೀರು. ಅದೇ ನೀರು ತಿರುಗಿ ತಿರುಗಿ ಬರುತ್ತೆ. ಭಾನುವಾರ ಮೆಷಿನ್ ನಿಂತ್ರೆ ಸೋಮವಾರ ಏನು ವಾಸನೆ ಅಂತೀರಿ!"

ನಿಂತ ನೀರಲ್ಲಿ ಬದುಕುವ ಆ ಬ್ಯಾಕ್ಟೀರಿಯಾ ಅವಳಿಗೆ ನೆನಪಾಯಿತು. ಆದರೂ ಮೆಲ್ಲಗೆ ಕೇಳಿದಳು: "ಒಂದು ಡಬ್ಬಿ ಕೊಡ್ತೀನಿ. ಆ ನೀರು ಸ್ವಲ್ಪ ತಂದುಕೊಡ್ತೀರಾ?"

ಮರುದಿನವೇ ಡಬ್ಬಿ ಹಿಡಿದು ಅದೇ ಕಿಟಕಿಗೆ ಬಂದ. ಈ ಸಲ ತಲೆ ಬಾಚಿಕೊಂಡಿದ್ದ!

"ಬೇರೆಯವ್ರು ಅತ್ತರ್ ತರಿಸ್ಕೋತಾರೆ ಮೇಡಂ. ನೀವು ಲೇತ್ ನೀರು ಕೇಳ್ತೀರಲ್ಲ!"

ಅನೀಸಾ ನಕ್ಕುಬಿಟ್ಟಳು. ಆ ನಗು ಅವನಲ್ಲಿ ಏನನ್ನು ಹಚ್ಚಿತೋ ದೇವರೇ ಬಲ್ಲ. ಪ್ರತಿದಿನ ಏನಾದರೊಂದು ನೆವ ಹೂಡಿ ಕಿಟಕಿಗೆ ಬರತೊಡಗಿದ. ಅವಳೂ ವಿನೋಬನಗರದ ತನ್ನ ಮನೆಯಿಂದ ಹೊರಡುವಾಗ ಎರಡೆರಡು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದಳು.

ಆದರೆ ಡಬ್ಬಿಯ ನೀರಿನ ಪ್ಲೇಟೂ ಹಸಿರಾಯಿತು. ಗಾಯದಲ್ಲಿದ್ದ ಜಾತಿಯದೇ, ಅದೇ ಔಷಧಿಗಳಿಗೆ ಬಗ್ಗುವ, ಅದೇ ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾ.

ಯಾ ಅಲ್ಲಾ! ತಾಯಿಯ ಕಾಲು ಹಿಡಿದ ಕೈಯೇ... ಇದನ್ನು ಹೇಗೆ ಹೇಳಲಿ? ಹೇಳಿದರೆ ಅವನು ಕುಸಿಯುತ್ತಾನೆ. ನನ್ನ ಮುಖವನ್ನೂ ನೋಡಲಾರ. ಹೇಳದಿದ್ದರೆ ಆ ತಾಯಿಯ ಕಾಲು?

"ನಾನು ಹೇಳ್ಲಾ?" ವಾದಿರಾಜರು ಕೇಳಿದರು.

"ಬೇಡ ಸಾರ್. ನಾನೇ ಹೇಳ್ತೀನಿ."

ನಮಾಜ್ ಮುಗಿಸಿ ಧೈರ್ಯ ಬೇಡಿಕೊಂಡಳು. ಆಸ್ಪತ್ರೆಯ ಅಂಗಳದಲ್ಲಿ ಅವನನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಹಸಿ ಕೈ, ಒದ್ದೆ ಬಟ್ಟೆ, ತೆರೆದ ಗಾಯ... ಬಹುಶಃ ಹೀಗೇ ಬಂದಿರಬೇಕು ಎಂದಳು.

ಮೊಹ್ಸಿನ್‌ನ ಮುಖ ಕಪ್ಪಿಟ್ಟಿತು.

"ಅಂದ್ರೆ... ನಾನು? ಅಮ್ಮಿಗೆ ನಾನೇ..."

"ನಿಮಗೆ ಗೊತ್ತಿರ್ಲಿಲ್ಲ!"

"ನಗ್ತಾ ನಗ್ತಾ ನನ್ನ ಕೈಯಿಂದಲೇ ಸಾಕ್ಷಿ ತರಿಸ್ಕೊಂಡ್ರಲ್ಲ! ನಿಮ್ಮ ಆಸ್ಪತ್ರೆ ಬಚಾವ್ ಆಗ್ಲಿ ಅಂತ ಅಲ್ವಾ? ನಾನೊಬ್ಬ ಹುಚ್ಚ, ಏನೇನೋ ಅಂದ್ಕೊಂಡಿದ್ದೆ..."

"ಮೊಹ್ಸಿನ್, ಕೇಳಿ..."

ಅವನು ಕೇಳಲಿಲ್ಲ. ಮತ್ತೆ ಕಿಟಕಿಯ ಬಳಿ ಸುಳಿಯಲೂ ಇಲ್ಲ.

ದೇವರ ದಯೆ, ಔಷಧಿ ನಾಟಿತು. ಗುಲ್ಷನ್‌ರ ಕಾಲು ಉಳಿಯಿತು, ಅವರು ಮನೆಗೆ ಹೋದರು. ಅನೀಸಾ ಮಾತ್ರ ಯಾರ ಹೆಜ್ಜೆ ಸಪ್ಪಳವಾದರೂ ಬೆಚ್ಚಿ ಕಿಟಕಿಯತ್ತ ನೋಡುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ. ಜಪಮಾಲೆ ಹಿಡಿದರೂ ಮನಸ್ಸು ಭದ್ರಾವತಿಯ ದಾರಿ ಹಿಡಿಯುತ್ತಿತ್ತು.

ಒಂದು ದಿನ ಗುಲ್ಷನ್‌ರ ಫೋನ್ ಬಂತು.

"ನೀನು ಏನು ಹೇಳಿದ್ಯೋ ಬೇಟಿ, ನನ್ನ ಮಗ ನನ್ನ ಮುಟ್ಟೋದೇ ಬಿಟ್ಟಿದ್ದಾನೆ. ಪಕ್ಕದ್ಮನೆ ಹಾಲಮ್ಮ ಬಂದು ಗಾಯ ಕಟ್ತಾಳೆ. ಒಳ್ಳೆಯವಳೇ, ಆದ್ರೆ ಅವಳು ಕಟ್ಟಿದ್ರೆ ಹುಲ್ಲಿನ ಹೊರೆ ಬಿಗಿದ ಹಾಗೆ! ನನ್ನ ಜೀವವೇ ಹೋಗುತ್ತೆ."

ಅನೀಸಾ ಅಬ್ಬಾನ ಒಪ್ಪಿಗೆ ಕೇಳಿ, ಮಧ್ಯಾಹ್ನದ ಬಸ್ಸು ಹತ್ತಿದಳು.

ಓಲ್ಡ್ ಟೌನಿನ ಆ ಮನೆಯ ಅಂಗಳದಲ್ಲಿ ಮೊಹ್ಸಿನ್ ನಲ್ಲಿಯ ಮುಂದೆ ಕೂತು ಕೈ ಉಜ್ಜುತ್ತಿದ್ದ. ತೊಳೆದು ಮತ್ತೆ ಸೋಪು ಹಚ್ಚಿದ. ಮತ್ತೆ ಉಜ್ಜಿದ. ಬೆರಳ ಸಂದಿಗಳಲ್ಲಿ ಚರ್ಮ ಸೀಳಿ ರಕ್ತ ಜಿನುಗುತ್ತಿತ್ತು.

ಅವಳು ನಲ್ಲಿ ನಿಲ್ಲಿಸಿದಳು.

"ಹೋಗಲ್ಲ ಮೇಡಂ, ಇದು ಹೋಗಲ್ಲ," ಎಂದ, ತಲೆಯೆತ್ತದೆ.

"ಹೋಗಿದೆ. ನಾನು ಹೇಳ್ತಿದ್ದೀನಲ್ಲ. ಕೆಲ್ಸದಿಂದ ಬಂದ್ಮೇಲೆ ಬಟ್ಟೆ ಬದಲಾಯ್ಸಿ, ಸೋಪು ಹಾಕಿ ಒಂದು ಸಲ ತೊಳೆದ್ರೆ ಸಾಕು. ಗ್ಲೌಸ್ ತಂದಿದ್ದೀನಿ, ಹಾಕ್ಕೊಳ್ಳಿ. ಆ ಬಟ್ಟೆ ಮಾತ್ರ ವರ್ಕ್‌ಶಾಪಲ್ಲೇ ಇರ್ಲಿ. ಬನ್ನಿ, ಅಮ್ಮಿ ಕಾಯ್ತಿದ್ದಾರೆ."

"ನನ್ನ ಕೈಯಲ್ಲೇ ಮತ್ತೆ ಬಂದ್ರೆ?"

"ನಾನು ಪಕ್ಕದಲ್ಲೇ ಕೂತಿರ್ತೀನಿ."

ಗ್ಲೌಸ್ ಹಾಕಿಕೊಂಡು ಅವನು ತಾಯಿಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ. ಅನೀಸಾ ಹೇಳಿಕೊಟ್ಟಂತೆ ತೊಳೆದ, ಒತ್ತಿ ಒರೆಸಿದ, ಪಟ್ಟಿ ಸುತ್ತಿದ. ಗುಲ್ಷನ್ ಕಣ್ಣು ಮುಚ್ಚಿ, ಮಗನ ತಲೆ ಸವರಿದರು.

"ಹಾಲಮ್ಮಂಗೆ ನಾಳೆಯಿಂದ ರಜಾ," ಎಂದು ಗೋಡೆಯ ಕಡೆ ಮಗ್ಗುಲಾದರು.

ಹೊಸ್ತಿಲ ಬಳಿ ಮೊಹ್ಸಿನ್ ಕೇಳಿದ: "ನೀವು ಹೇಳ್ದೆ ಇರ್ಬಹುದಿತ್ತಲ್ಲ, ಅನೀಸಾ? ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಮೊದಲ ಬಾರಿಗೆ ಅವನ ಬಾಯಲ್ಲಿ ತನ್ನ ಹೆಸರು!

"ಮುಚ್ಚಿಟ್ಟಿದ್ರೆ ನಿಮ್ಮ ಮುಖ ನೋಡೋಕೆ ನಂಗೆ ಆಗ್ತಿರ್ಲಿಲ್ಲ. ನಂಗೆ... ನಿಮ್ಮ ಮುಖ ನೋಡ್ಬೇಕಿತ್ತು."

ಅವನು ಮೆಲ್ಲಗೆ ತಲೆಯೆತ್ತಿ ಅವಳನ್ನು ನೋಡಿದ.

"ಈಗಲೂ ನೋಡ್ಬೇಕಾ?"

"ಹ್ಞೂಂ."

"ಎಷ್ಟು ದಿನ?"

ಅನೀಸಾ ಸೆರಗು ಸರಿಮಾಡಿಕೊಂಡು, ಒದ್ದೆ ಕಣ್ಣಲ್ಲೇ ನಕ್ಕಳು.

"ಅಲ್ಲಾ ಕೊಟ್ಟಷ್ಟು ದಿನ."