ಅವಳಿಗೆ ಕೇಳಿಸದ ಕೀರಲು

"ಈ ಸದ್ದು ನಿಮಗೆ ಕೇಳಿಸಲೇ ಇಲ್ವಾ?"

ಸದ್ದು ಪರೀಕ್ಷಿಸುವ ಮೌನದ ಕೋಣೆಯ ದಪ್ಪ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದವನು ನಮಸ್ಕಾರವಿಲ್ಲ, ಏನಿಲ್ಲ, ನೇರವಾಗಿ ಹೀಗೆ ಕೇಳಿಬಿಟ್ಟ. ಕೈಯಲ್ಲಿ ದೊಡ್ಡದೊಂದು ಗೇಮಿಂಗ್ ಲ್ಯಾಪ್‌ಟಾಪ್. ತುಂಬಿದ ತಟ್ಟೆ ಹಿಡಿದವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಅವಳು ತಲೆ ಎತ್ತಿದಳು. ಎರಡು ದಿನದ ಹಿಂದೆ ಕೆಲಸಕ್ಕೆ ಸೇರಿದವನು.

"ಯಾವ ಸದ್ದು?"

"ಕೀ... ಅಂತ ಇದೆಯಲ್ಲ! ನಿಮ್ಮ ವರದಿಯಲ್ಲಿ 'ಫ್ಯಾನ್ ಸದ್ದು ಬಿಟ್ಟರೆ ಬೇರೇನೂ ಇಲ್ಲ' ಅಂತ ಬರೆದಿದ್ದೀರಿ. ಬೇಕಾದ್ರೆ ಇನ್ನೊಂದ್ಸಲ ಕೇಳಿ."

ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಆಟವೊಂದನ್ನು ತೆರೆದ. ಅವಳು ಕಿವಿ ಹತ್ತಿರ ತಂದಳು. ಫ್ಯಾನುಗಳು ಬುಸ್ಸೆನ್ನುತ್ತಿದ್ದವು. ಅದರಾಚೆ...

ಏನೂ ಇಲ್ಲ.

ಆದರೆ ಅವನ ಮುಖ ಹುಳಿ ತಿಂದವರಂತೆ ಕಿವುಚಿಕೊಂಡಿತ್ತು. ಅವನು ನಟಿಸುತ್ತಿಲ್ಲ. ಸದ್ದು ಇದೆ. ಅವಳ ಕಿವಿಯಿಂದ ಗೇಣು ದೂರದಲ್ಲಿ ಇದೆ!

ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಓ... ಇದಾ! ಕೇಳಿಸ್ತಲ್ಲ," ಎಂದು ನಕ್ಕಳು. "ತೀರಾ ಸಣ್ಣದು ಅಂತ ಬರೀಲಿಲ್ಲ."

"ಸಣ್ಣದಾ? ನನ್ನ ಹಲ್ಲು ಜುಮ್ ಅಂತಿದೆ ರೀ!"

"ಸರಿ, ಬರೀತೀನಿ ಬಿಡಿ. ಬಾಗಿಲು ಹಾಕ್ಕೊಂಡು ಹೋಗಿ."

ಅವನು ಒಂದು ಗಳಿಗೆ ಅವಳನ್ನೇ ನೋಡಿ ಹೊರಟುಹೋದ. ಬಾಗಿಲು ಮುಚ್ಚಿದ ಮೇಲೆ ಅವಳು ಮತ್ತೆ ಲ್ಯಾಪ್‌ಟಾಪಿಗೆ ಕಿವಿ ಆನಿಸಿದಳು. ಬರೀ ಫ್ಯಾನು.

ಅದು ದುಬಾರಿ ಲ್ಯಾಪ್‌ಟಾಪುಗಳನ್ನು ಪರೀಕ್ಷಿಸಿ ವರದಿ ಬರೆಯುವ ಕಚೇರಿ. ಜನ ಆ ವರದಿ ಓದಿಯೇ ಕೊಳ್ಳುತ್ತಿದ್ದರು. ಅವಳದು ಸದ್ದಿನ ಪುಟ. ಸದ್ದು ಎಷ್ಟು ಜೋರು ಎಂದು ಮೀಟರ್ ಹೇಳುತ್ತದೆ, ಸರಿ. ಆದರೆ ಅದು ಎಂಥ ಸದ್ದು, ಅದರ ಜೊತೆ ದಿನವಿಡೀ ಕೂರಲು ಆಗುತ್ತದೆಯೇ ಎಂದು ಹೇಳಲು ಮನುಷ್ಯರ ಕಿವಿಯೇ ಬೇಕು. ಲ್ಯಾಪ್‌ಟಾಪ್ ಒಳಗಿನ ಬೋರ್ಡಿನಲ್ಲಿರುವ ಪುಟ್ಟ ತಂತಿ ಸುರುಳಿಗಳು ಕರೆಂಟ್ ಜಾಸ್ತಿ ಹರಿದಾಗ ನಡುಗಿ ಕೀರಲು ದನಿ ಹೊರಡಿಸುತ್ತವೆ. ಆರು ವರ್ಷಗಳಿಂದ ಅವಳು ಅದನ್ನು ಫ್ಯಾನಿನ ಗದ್ದಲದ ನಡುವೆಯೂ ಹೆಕ್ಕಿ ತೆಗೆಯುತ್ತಿದ್ದಳು. ಹಾಗಾಗಿ ಕಚೇರಿಯಲ್ಲಿ ಅವಳ ನಿಜ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. "ಕಿವಿ ಬಂದಳಾ?" "ಕಿವಿಯನ್ನ ಕೇಳಿ," ಎನ್ನುತ್ತಿದ್ದರು.

ಆ ಕಿವಿಯೇ ಕೈಕೊಟ್ಟರೆ?

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಅವಳು ಅಲ್ಲೇ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಕಿವಿ ಪರೀಕ್ಷಿಸುವ ಒಂದು ಆ್ಯಪ್ ತೆರೆದಳು. ದಪ್ಪ ದನಿಯಲ್ಲಿ ಶುರುವಾದ ಸದ್ದು ಮೇಲೆ ಮೇಲೆ ಏರಿ ಕೀರಲಾಗುತ್ತದೆ, ಅಷ್ಟೇ. ಕೇಳಿಸಿತು... ಕೇಳಿಸಿತು... ಆಮೇಲೆ ನಿಂತಿತು. ಫೋನ್ ಕೆಟ್ಟಿತೇನೋ ಎಂದು ಪರದೆ ನೋಡಿದಳು. ಗೆರೆ ಇನ್ನೂ ಏರುತ್ತಲೇ ಇತ್ತು.

"ಏ, ನಿಲ್ಸೇ ಅದನ್ನ!" ಅಕ್ಕ ಚಾಕು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. "ಕಿವಿ ಕೊರೀತಿದೆ, ಎಂಥದೇ ಅದು!"

ಹಜಾರದಲ್ಲಿ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಇಡೀ ಮನೆಯಲ್ಲಿ ಆ ಸದ್ದು ಕೇಳಿಸದವರು ಇಬ್ಬರೇ. ಅಪ್ಪ ಮತ್ತು ಅವಳು!

ಅಪ್ಪನಿಗೆ ನಲವತ್ತರ ಹತ್ತಿರ ಕಿವಿ ಮಂದವಾಗತೊಡಗಿತ್ತು. ಅಮ್ಮ ಮೊದಮೊದಲು ನಗುತ್ತಾ ಎರಡೆರಡು ಸಲ ಹೇಳುತ್ತಿದ್ದರು. ಆಮೇಲೆ ಕಿರುಚಿ ಹೇಳಿದರು. ಆಮೇಲೆ... ಹೇಳುವುದನ್ನೇ ಬಿಟ್ಟರು. ಈಗ ಅವರಿಬ್ಬರ ನಡುವೆ ಉಳಿದಿದ್ದು ಕೈಸನ್ನೆಯ ಮೂರು ಮಾತು: ಊಟ, ಮಾತ್ರೆ, ಬಾಗಿಲು. ಜಗಳವೂ ಇಲ್ಲ. ಜಗಳವಾಡಲಾದರೂ ಕಿವಿ ಬೇಕಲ್ಲ!

ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಆದರೆ ತನ್ನನ್ನು ಇಷ್ಟಪಟ್ಟವರು ಒಂದು ದಿನ ಹೀಗೆ ಬೇಸತ್ತು ಸುಮ್ಮನಾಗುತ್ತಾರಲ್ಲ, ಆ ಭಯ ಅವಳನ್ನು ಬಿಡಲಿಲ್ಲ. ಅವಳು ಅಕ್ಕನಿಗೂ ಏನೂ ಹೇಳಲಿಲ್ಲ.

ಕಚೇರಿಯಲ್ಲಿ ಕಳ್ಳಿಯ ಹಾಗೆ ಬದುಕತೊಡಗಿದಳು. ಲ್ಯಾಪ್‌ಟಾಪಿನ ಅಂಚಿಗೆ ಬೆರಳಿಟ್ಟು ನಡುಕ ಸಿಗುತ್ತದೆಯೇ ಎಂದು ನೋಡಿದಳು. ಬೇರೆಯವರ ವರದಿ ಹುಡುಕಿ ಓದಿದಳು. ಯಾರಾದರೂ ಹಿಂದಿನಿಂದ ಕರೆದರೆ ಬೆಚ್ಚಿಬೀಳುತ್ತಿದ್ದಳು.

ಇಂಥ ಹೊತ್ತಿನಲ್ಲೇ ಪ್ರೀತಿಯೂ ವಕ್ಕರಿಸಬೇಕೇ! ಅದೂ ಯಾರ ಮೇಲೆ? ಯಾರನ್ನು ಕಂಡರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತೋ ಆ ಹೊಸಬನ ಮೇಲೆಯೇ.

ಅವನನ್ನು ಎಲ್ಲರೂ 'ಸ್ಕ್ರೂ' ಎನ್ನುತ್ತಿದ್ದರು. ಬಗ್ಗಿದರೆ ಸಾಕು, ಅಂಗಿ ಜೇಬಿನಿಂದ ಒಂದೆರಡು ಪುಟ್ಟ ಸ್ಕ್ರೂ ಉದುರುತ್ತಿದ್ದವು. ಮೂರು ಗಂಟೆ ಬಿಡದೆ ಆಟ ಓಡಿಸಿ ಬಿಸಿ ಅಳೆಯುವುದು, ಬಿಸಿ ಏರಿದಾಗ ವೇಗ ಎಷ್ಟು ಕುಸಿಯಿತು ಎಂದು ಬರೆಯುವುದು, ಆಮೇಲೆ ಹಿಂಭಾಗ ಬಿಚ್ಚಿ ಮುಂದೆ ಹೊಸ ಭಾಗ ಹಾಕಿಕೊಳ್ಳಲು ಜಾಗವಿದೆಯೇ ಎಂದು ನೋಡುವುದು ಅವನ ಕೆಲಸ. ಊಟದ ಡಬ್ಬಿ ಖಾಲಿಯಾದ ಮೇಲೆ ಅವಳು ಅವನ ಮೇಜಿನ ಬಳಿ ನಿಂತು ಬಿಚ್ಚಿದ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದಿರುತ್ತಿದ್ದಳು.

ಅವನಿಗೊಂದು ಅಭ್ಯಾಸ. ಏನೇ ಹೇಳುವುದಿದ್ದರೂ ಮೇಜು ಸುತ್ತಿ ಬಂದು ಎದುರಿಗೆ ನಿಂತು, ಮುಖ ನೋಡಿ ಹೇಳುತ್ತಿದ್ದ. ಎಷ್ಟು ಮರ್ಯಾದಸ್ಥ ಎಂದು ಅವಳಿಗೆ ಇಷ್ಟವಾಗಿತ್ತು.

"ಇದನ್ನ ನೋಡಿ," ಎಂದ ಒಂದು ದಿನ. "ವೇಗದಲ್ಲಿ ಹುಲಿ. ತೊಂಬತ್ತೈದು ಡಿಗ್ರಿ ಮುಟ್ಟಿದ್ರೂ ಜಗ್ಗಲಿಲ್ಲ. ಆದ್ರೆ ರ‍್ಯಾಮ್ ಬಿಚ್ಚೋಕಾಗಲ್ಲ. ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ ಪುಣ್ಯಾತ್ಮರು."

"ಅದು ಕೆಟ್ಟರೆ?"

"ಪೂರ್ತಿ ಬೋರ್ಡೇ ಬದಲಾಯಿಸ್ಬೇಕು."

"ಅಷ್ಟು ಸಣ್ಣದೊಂದು ಕೆಟ್ಟರೆ... ಪೂರ್ತಿ ಎಸೆದುಬಿಡ್ತಾರಾ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಏನಾಯ್ತು ರೀ? ಮುಖ ಯಾಕೆ ಹೀಗೆ ಬಿಳಿಚ್ಕೊಂಡಿದೆ?"

"ಏನಿಲ್ಲ. ಎ.ಸಿ. ಜಾಸ್ತಿ ಇದೆ."

ಹೇಳಿಬಿಡಲೇ? ಎಲ್ಲಾ ಹೇಳಿಬಿಡಲೇ? ಬೇಡ... ಹೇಳಿದರೆ ನಾಳೆಯಿಂದ ಇವನೂ ಕಿರುಚಿ ಮಾತಾಡುತ್ತಾನೆ!

ಎರಡು ತಿಂಗಳು ಹೀಗೇ ಕಳೆಯಿತು. ಆಮೇಲೆ ಆ ಶುಕ್ರವಾರ ಬಂತು.

ಅವನ ಸ್ಕ್ರೂಡ್ರೈವರ್ ಒಂದು ಅವಳ ಬಳಿ ಉಳಿದಿತ್ತು. ಕೊಡಲು ಹೋದಳು. ಅವನು ಇರಲಿಲ್ಲ. ಮೇಜಿನ ಮೇಲೆ ನೋಟ್‌ಪುಸ್ತಕ ತೆರೆದೇ ಬಿದ್ದಿತ್ತು. ಬರೆದಿದ್ದು ಅರ್ಧ ಓದಲಾಗುತ್ತಿರಲಿಲ್ಲ, ಆದರೆ ಓದಿದಷ್ಟೇ ಸಾಕಾಯಿತು.

'ಕೀರಲು ಇದೆ. ಅವರಿಗೆ ಕೇಳಿಸಿಲ್ಲ.'

ಕೆಳಗೆ ಮೂರು ಲ್ಯಾಪ್‌ಟಾಪುಗಳ ಹೆಸರು. ಮೂರಕ್ಕೂ ತಾರೀಖು. ಮೂರೂ ಅವಳು ಸಹಿ ಮಾಡಿದ ವರದಿಗಳು.

ತಲೆ ಎತ್ತಿದರೆ ಗಾಜಿನ ಗೋಡೆಯಾಚೆ, ಮೇಡಂ ಕೋಣೆಯಲ್ಲಿ ಅವನು ನಿಂತಿದ್ದಾನೆ. ಕಚೇರಿ ನಡೆಸುವ ಮೇಡಂ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಾರೆ. ಅವನು ಕೈ ಆಡಿಸಿ ಏನೋ ವಿವರಿಸುತ್ತಿದ್ದಾನೆ...

ಮುಗಿಯಿತು. ಪ್ರತಿ ದಿನ ಎದುರಿಗೆ ನಿಂತು ನಕ್ಕಿದ್ದು ಇದಕ್ಕೆ! ಲೆಕ್ಕ ಇಟ್ಟು ಒಪ್ಪಿಸಲಿಕ್ಕೆ!

ಅವನು ಹೊರಗೆ ಬಂದಾಗ ಅವಳು ಪುಸ್ತಕ ಹಿಡಿದು ಅಲ್ಲೇ ನಿಂತಿದ್ದಳು.

"ಹೇಳಾಯ್ತಾ ಮೇಡಂಗೆ? ಕಿವುಡಿ ಅಂತ ಹೇಳಾಯ್ತಾ?"

ಅವನು ಅವಸರದಲ್ಲಿ ಕುರ್ಚಿ ಎಳೆದ. "ಅಯ್ಯೋ, ಇಲ್ಲ ರೀ... ದಯವಿಟ್ಟು ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ. ಕೇಳಿಸಿದಷ್ಟು!"

"ಬಿಸಿ ಅಳೆಯೋವಾಗ ಮೈಕ್ ಇಟ್ಟು ಸದ್ದಿನ ಗ್ರಾಫೂ ತೆಗೀತೀನಿ, ಒಪ್ಪಿಗೆ ಕೊಡಿ ಅಂತ ಕೇಳೋಕೆ ಹೋಗಿದ್ದೆ. ಕೀರಲು ಇದ್ರೆ ನನ್ನ ಪುಟದಲ್ಲೇ ಬಂದುಬಿಡುತ್ತೆ. ನಿಮ್ಮ ಹೆಸರು ಎಲ್ಲೂ ಬರಲ್ಲ... ಅಂದ್ಕೊಂಡೆ."

"ಯಾವತ್ತಿಂದ ಗೊತ್ತು ನಿಮಗೆ?"

"ಮೌನದ ಕೋಣೆಗೆ ಬಂದ ದಿನವೇ ಅನುಮಾನ ಬಂತು. 'ಕೇಳಿಸ್ತು' ಅಂದ್ರಿ. ಆದ್ರೆ ನೀವು ಮಷೀನ್ ನೋಡ್ತಿರಲಿಲ್ಲ. ನನ್ನ ಮುಖ ನೋಡಿ ಹೇಳಿದ್ರಿ."

"ಅದಕ್ಕೇನಾ ಎದುರಿಗೆ ಬಂದು ನಿಂತು ಮಾತಾಡ್ತಿದ್ದದ್ದು? ಪಾಪ ಅಂತ?"

"ಪಾಪ ಅಂತ ಅಲ್ಲ!" ಮುಂದಿನ ಮಾತು ಹೇಳದೆ ಅವನು ಪುಸ್ತಕಕ್ಕೆ ಕೈ ಚಾಚಿದ.

ಅವಳು ಹಿಂದಕ್ಕೆಳೆದುಕೊಂಡಾಗ ಪುಸ್ತಕದೊಳಗಿಂದ ಒಂದು ಕಾಗದ ಜಾರಿ ಬಿತ್ತು. ಅವನು ಬಗ್ಗುವಷ್ಟರಲ್ಲಿ ಅವಳು ಎತ್ತಿಕೊಂಡಾಗಿತ್ತು.

"ಅದು ಬೇಡ. ಅದನ್ನ ಕೊಡಿ ಇಲ್ಲಿ."

ಓದುಗರ ಪತ್ರ ಅದು. ಯಾರೋ ಹೆಂಗಸು ಬರೆದದ್ದು. 'ನಿಮ್ಮ ವರದಿ ನಂಬಿ ಈ ಲ್ಯಾಪ್‌ಟಾಪ್ ತಗೊಂಡೆ. ದಿನವಿಡೀ ಅದರ ಮುಂದೆ ಕೂತು ಚಿತ್ರ ಬಿಡಿಸುವ ಕೆಲಸ ನನ್ನದು. ಈ ಕೀರಲಿಗೆ ಸಂಜೆ ಹೊತ್ತಿಗೆ ತಲೆ ಸಿಡಿಯುತ್ತದೆ. ಪರೀಕ್ಷೆ ಮಾಡಿದವರಿಗೆ ಕಿವಿ ಇಲ್ಲವೇ?'

ಅವಳು ಎರಡು ಸಲ ಓದಿದಳು. ಅವನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತಾನು ಬಚ್ಚಿಟ್ಟುಕೊಂಡು ಕೂತಿದ್ದಾಗ ಎಲ್ಲೋ ಇನ್ನೊಬ್ಬಳು ತಲೆ ಹಿಡಿದುಕೊಂಡು ಕೂತಿದ್ದಳು...

"ಇದನ್ನ ಯಾಕೆ ಮುಚ್ಚಿಟ್ರಿ?"

"ನೀವು ನೊಂದ್ಕೋತೀರಿ ಅಂತ."

"ತಪ್ಪು ಮಾಡಿದ್ರಿ. ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ರಿ."

ಕಾಗದ ಹಿಡಿದು ಗಾಜಿನ ಬಾಗಿಲ ಕಡೆ ನಡೆದಳು. ಹತ್ತು ಹೆಜ್ಜೆಯ ದಾರಿ ಮುಗಿಯುವುದೇ ಇಲ್ಲವೇನೋ ಅನಿಸಿತು. ಓಡಿಹೋಗಬಾರದೇಕೆ? ರಾಜೀನಾಮೆ ಬರೆದಿಟ್ಟು, ಯಾರಿಗೂ ಏನೂ ಹೇಳದೆ... ಅಷ್ಟರಲ್ಲಿ ಕೈ ತಾನಾಗಿಯೇ ಬಾಗಿಲು ತಟ್ಟಿತ್ತು.

"ಮೇಡಂ, ನನಗೆ ಕೀರಲು ಕೇಳಿಸಲ್ಲ."

ಮೇಡಂ ಪತ್ರ ಓದಿದರು. ಕನ್ನಡಕ ತೆಗೆದರು.

"ಎಷ್ಟು ದಿನದಿಂದ?"

"ಗೊತ್ತಾಗಿ ಎರಡು ತಿಂಗಳು. ಅದಕ್ಕೂ ಮೊದಲು ಎಷ್ಟು ದಿನವೋ... ಗೊತ್ತಿಲ್ಲ."

"ಗೊತ್ತಿಲ್ಲದೆ ಆಗಿದ್ದಕ್ಕೆ ನಾನು ಬೈಯಲ್ಲ. ಈ ಎರಡು ತಿಂಗಳಿಗೆ ಬೈತೀನಿ." ಬೈದರು. ಚೆನ್ನಾಗಿಯೇ ಬೈದರು. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಆ ಮಾತುಗಳಂತೂ ಒಂದೊಂದೂ ಸ್ಪಷ್ಟವಾಗಿ ಕೇಳಿಸಿದವು.

"ಈ ವರ್ಷದ ಎಲ್ಲಾ ವರದಿ ಮತ್ತೆ ಪರೀಕ್ಷೆ ಆಗ್ಬೇಕು. ತಪ್ಪಾಗಿದೆ ಅಂತ ನಿನ್ನ ಹೆಸರು ಹಾಕಿ ನೀನೇ ಬರೀಬೇಕು. ಈ ಹೆಣ್ಣುಮಗಳಿಗೆ ಮೊದಲು ಉತ್ತರ ಬರಿ. ಸದ್ದಿನ ಪುಟ ಇನ್ನು ನಿನ್ನದಲ್ಲ."

"ಹ್ಞೂಂ, ಮೇಡಂ." ಕಣ್ಣೀರು ಕೆನ್ನೆಗೆ ಇಳಿದಿತ್ತು. "ನಾನು... ಸೋಮವಾರದಿಂದ ಬರೋದು ಬೇಡ್ವಾ?"

"ಯಾಕೆ, ಕಣ್ಣೂ ಕಾಣಿಸಲ್ವಾ? ಪರದೆ, ಕೀಬೋರ್ಡ್ ಪುಟ ಬರೆಯೋರು ಯಾರು, ನಾನಾ? ನಾಳೆ ಹೇಗೂ ರಜ, ಡಾಕ್ಟರಿಗೆ ತೋರಿಸು. ಹೋಗು, ನನ್ನ ತಲೆ ತಿನ್ಬೇಡ."

ಸಂಜೆ ಆರಕ್ಕೆ ಅವಳು ಚೀಲ ಹೆಗಲಿಗೇರಿಸಿ ಇಳಿದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ರಸ್ತೆಯಲ್ಲಿ ವಾಹನಗಳ ಗದ್ದಲ.

"ಕೆಲಸ ಉಳೀತು," ಎಂದಳು. "ಪುಟ ಹೋಯ್ತು."

"ನನ್ನನ್ನ ಕ್ಷಮಿಸ್ತೀರಾ?"

"ಅದು ಆಮೇಲೆ. ಮಧ್ಯಾಹ್ನ ಒಂದು ಮಾತು ಅರ್ಧಕ್ಕೆ ನಿಲ್ಲಿಸಿದ್ರಿ. ಪಾಪ ಅಂತ ಅಲ್ಲ ಅಂದ್ರಿ. ಮತ್ತೇನು?"

ಅವನು ಒಂದು ಮೆಟ್ಟಿಲು ಕೆಳಗಿಳಿದು, ಅವಳ ಮುಖಕ್ಕೆ ಸರಿಯಾಗಿ ನಿಂತ.

"ನೀವು ಅಂದ್ರೆ ನನಗೆ ಇಷ್ಟ. ಹೇಳಿದ್ರೆ ನೀವು ಮೌನದ ಕೋಣೆ ಬಾಗಿಲು ಹಾಕ್ಕೊಂಡುಬಿಡ್ತೀರಿ ಅಂತ ಹೆದರಿದ್ದೆ."

ಇಷ್ಟು ದಿನ ಕಾದ ಮಾತು ಬಂದೇಬಿಟ್ಟಿತು. ಅದರ ಹಿಂದೆಯೇ ಆ ಹಳೆಯ ಭಯವೂ ಬಂತು.

"ಇದು ಇನ್ನೂ ಹೆಚ್ಚಾಗುತ್ತೆ. ನಮ್ಮಪ್ಪನಿಗೂ ಹೀಗೇ ಶುರುವಾದದ್ದು. ಇವತ್ತು ಕೀರಲು, ನಾಳೆ ಬಾಗಿಲ ಗಂಟೆ, ಆಮೇಲೆ... ನಿಮ್ಮ ದನಿ. ನಮ್ಮಮ್ಮನೂ ಮೊದಲು ನಗ್ತಾ ನಗ್ತಾನೇ ಎರಡೆರಡು ಸಲ ಹೇಳ್ತಿದ್ರು. ಕೊನೆಗೆ ಸುಸ್ತಾಗಿ ಬಿಟ್ಟುಬಿಟ್ರು. ನೀವೂ ಸುಸ್ತಾಗ್ತೀರಿ."

ಸುಳ್ಳು ಹೇಳಲು ಅವನಿಗೆ ಮನಸ್ಸಿರಲಿಲ್ಲ.

"ಆಗಬಹುದು," ಎಂದ. "ಸುಸ್ತಾದ್ರೆ ಕೂತ್ಕೊಂಡು ಹೇಳ್ತೀನಿ. ಗಂಟಲು ಬಿದ್ದುಹೋದ್ರೆ ಬರೆದು ಕೊಡ್ತೀನಿ."

ಅವಳು ಅವನನ್ನೇ ನೋಡಿದಳು. ಅಳುವೋ ನಗುವೋ, ಎರಡೂ ಒಟ್ಟಿಗೇ ನುಗ್ಗಿ ಬಂದವು.

"ಬರೆದು ಕೊಡ್ತೀರಾ? ನಿಮ್ಮ ಅಕ್ಷರ ನೋಡಿದ್ದೀನಿ ಇವತ್ತು. ಕಾಗೆ ಕಾಲು, ಗುಬ್ಬಿ ಕಾಲು!"

"ಹಾಗಾದ್ರೆ ಅದಕ್ಕೆ ಹೆದರಿ ರೀ. ಕಿವಿಗಲ್ಲ."

"ನಾಳೆ ಡಾಕ್ಟರ್ ಹತ್ರ ಹೋಗ್ಬೇಕು," ಎಂದಳು ಮೆಲ್ಲನೆ. "ಒಬ್ಬಳೇ ಹೋಗೋಕೆ ಭಯ ಆಗ್ತಿದೆ."

"ಎಷ್ಟು ಗಂಟೆಗೆ ಬರ್ಲಿ?"

"ಹತ್ತಕ್ಕೆ." ಅವಳು ಅವನ ಕೈ ಹಿಡಿದುಕೊಂಡಳು. "ಇನ್ನು 'ರೀ' ಅನ್ನೋದು ಬಿಡು."